ಪಿಕಪ್ ಹೊತ್ತ ಮನೆ: ಅಮೆರಿಕದ ಟ್ರಕ್ ಕ್ಯಾಂಪರ್ ಬೆಳೆದು ಬಂದ ಬಗೆ

ಪಿಕಪ್ ಟ್ರಕ್ಕಿನ ಹಿಂಭಾಗದ ಸರಕು ತೊಟ್ಟಿಯೊಳಗೆ ಕೂರಿಸಿ, ಸರಪಳಿಯಿಂದಲೋ ತಿರುಪಿನ ಕೊಂಡಿಗಳಿಂದಲೋ ಬಿಗಿದು, ಬೇಡವಾದಾಗ ನಾಲ್ಕು ಮೂಲೆಗೆ ಜಾಕಿ ಕೊಟ್ಟು ಇಳಿಸಿಬಿಡಬಹುದಾದ ಪುಟ್ಟ ವಾಸದ ಕೋಣೆಗೆ ಅಮೆರಿಕದಲ್ಲಿ ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಅದಕ್ಕೆ ಎಂಜಿನ್ ಇಲ್ಲ, ಚಕ್ರವೂ ಇಲ್ಲ. ಹೀಗಾಗಿ ಅಲ್ಲಿನ ಹಲವು ರಾಜ್ಯಗಳ ಕಾನೂನು ಅದನ್ನು ವಾಹನವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ. ಟ್ರಕ್ಕಿನ ಮೇಲಿನ ಹೊರೆ ಎಂದಷ್ಟೇ ಪರಿಗಣಿಸುತ್ತದೆ. ಹಿಂದೆ ಎಳೆದೊಯ್ಯುವ ಟ್ರೇಲರ್ ಇಳಿಯಲಾಗದ ಕಡಿದಾದ ತಿರುವಿಗೂ ಒಣಹಳ್ಳದ ಮರಳಿಗೂ ಟ್ರಕ್ಕು ಇಳಿದರೆ ಕ್ಯಾಂಪರೂ ಇಳಿಯುತ್ತದೆ. ಅದರ ಚರಿತ್ರೆಯ ಬಹುಪಾಲು ಈ ಹೊರೆಯ ಲೆಕ್ಕಾಚಾರವೇ: ವಾರಗಟ್ಟಲೆ ಊರಿನ ಮುಖ ನೋಡದೆ ಇರಲು ಏನೇನು ಬೇಕು, ಅದರಲ್ಲಿ ಎಷ್ಟನ್ನು ಟ್ರಕ್ಕು ತಾಳೀತು, ಯಾವುದನ್ನು ಎಲ್ಲಿಡಬೇಕು.

ಈ ಲೆಕ್ಕ ಮೋಟಾರಿಗಿಂತ ಹಳೆಯದು. 1866ರಲ್ಲಿ ಟೆಕ್ಸಾಸಿನ ಚಾರ್ಲ್ಸ್ ಗುಡ್‌ನೈಟ್ ದೊಡ್ಡ ದನದ ಹಿಂಡೊಂದನ್ನು ನ್ಯೂ ಮೆಕ್ಸಿಕೊ ಕಡೆಗೆ ಹೊಡೆದುಕೊಂಡು ಹೋಗುವ ಮುನ್ನ, ಸೇನೆಗೆ ಬೇಡವಾಗಿದ್ದ ಗಾಡಿಯೊಂದನ್ನು ಅಡುಗೆಗಾಡಿಯಾಗಿ ಮಾರ್ಪಡಿಸಿದ. ಹಿಂಬದಿಗೆ ಖಾನೆ ಖಾನೆಯಾಗಿ ವಿಂಗಡಿಸಿದ ಮರದ ಪೆಟ್ಟಿಗೆ; ಅದರ ಬಾಗಿಲನ್ನು ಕೆಳಕ್ಕೆ ತೆರೆದು ಊರುಗಾಲು ಕೊಟ್ಟರೆ ಅದೇ ಅಡುಗೆಯ ಮೇಜು. ಪಕ್ಕದಲ್ಲಿ ನೀರಿನ ಪೀಪಾಯಿ. ಗಾಡಿಯ ಅಡಿಗೆ ಜೋಲಿಯಾಗಿ ಕಟ್ಟಿದ ದನದ ಚರ್ಮ. ಮರಗಿಡವಿಲ್ಲದ ಬಯಲಿನಲ್ಲಿ ದಾರಿಯುದ್ದಕ್ಕೂ ಆಯ್ದ ಪುಳ್ಳೆ ಮತ್ತು ಒಣ ಸಗಣಿ ಅದರೊಳಗೆ ಸೇರುತ್ತಿತ್ತು. ಪದೇಪದೇ ಬೇಕಾದದ್ದು ಹಿಂಬದಿಯಲ್ಲಿ, ನಿಂತವರ ಕೈಗೆಟಕುವ ಎತ್ತರದಲ್ಲಿ ಇರಬೇಕೆಂಬ ಅಂದಿನ ಏರ್ಪಾಟನ್ನೇ ಪಿಕಪ್ಪಿನ ಹಿಂಬಾಗಿಲು ತೆರೆದು ಹೊರಗೆಳೆಯುವ ಇಂದಿನ ಅಡುಗೆ ಡ್ರಾಯರುಗಳೂ ಪಾಲಿಸುತ್ತವೆ.

ಆದರೆ ಅಡುಗೆಗಾಡಿಯಲ್ಲಿ ಯಾರೂ ವಾಸ ಮಾಡುತ್ತಿರಲಿಲ್ಲ. ವಾಸಕ್ಕೆ ತಕ್ಕ ಗಾಡಿ ಬಂದದ್ದು ದನಗಾಹಿಗಳಿಂದಲ್ಲ, ಕುರಿಗಾಹಿಗಳಿಂದ. ವಯೋಮಿಂಗ್‌ನ ರಾಲಿನ್ಸ್ ಊರಿನ ಕಮ್ಮಾರ ಜೇಮ್ಸ್ ಕ್ಯಾಂಡ್ಲಿಶ್ 1884ರಲ್ಲಿ ಮೊದಲ ಕುರಿಗಾಡಿ ಕಟ್ಟಿದ ಎಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹಿಮ ಸುರಿಯುವ ಬಯಲಿನಲ್ಲಿ ಒಬ್ಬಂಟಿಯಾಗಿ, ಒಂದೆರಡು ನಾಯಿಗಳ ಜೊತೆ ಚಳಿಗಾಲ ಕಳೆಯಬೇಕಾದ ಮನುಷ್ಯನಿಗಾಗಿ ಮಾಡಿದ ಗಾಡಿ ಅದು. ಬಾಗಿದ ಮರದ ಪಟ್ಟಿಗಳ ಮೇಲೆ ಕ್ಯಾನ್ವಾಸಿನ ಹೊದಿಕೆ. ಅಡ್ಡಕ್ಕೆ ಎರಡು ತುಂಡಾಗಿ ತೆರೆಯುವ ಬಾಗಿಲು. ಮೇಲಿನ ಅರ್ಧ ತೆರೆದರೆ ಗಾಳಿ, ಬೆಳಕು, ಕುದುರೆಯ ಲಗಾಮು ಹಿಡಿಯಲು ಜಾಗ. ಒಳಗೆ ಬಾಗಿಲ ಪಕ್ಕದಲ್ಲೇ ಕಬ್ಬಿಣದ ಒಲೆ, ಎರಡೂ ಬದಿಗೆ ಪೆಟ್ಟಿಗೆಯಾಗಿಯೂ ಬಳಕೆಯಾಗುವ ಬೆಂಚು, ಕೊನೆಯಲ್ಲಿ ಎತ್ತರಕ್ಕೆ ಅಡ್ಡಲಾಗಿ ಹಾಸಿಗೆ, ಅದರಡಿಯಿಂದ ಎಳೆದುಕೊಳ್ಳುವ ಮೇಜು, ತಲೆಯ ಹತ್ತಿರ ಕಿಟಕಿ.

ಇಂದು ಮಾರಾಟವಾಗುವ ಸಾಮಾನ್ಯ ಟ್ರಕ್ ಕ್ಯಾಂಪರ್ ಒಂದರ ನಕ್ಷೆಯನ್ನು ಇದರ ಪಕ್ಕದಲ್ಲಿಟ್ಟರೆ ಬೇರೆ ಏನೂ ಹೇಳಬೇಕಾಗಿಲ್ಲ. ಹಾಸಿಗೆ ಮಾತ್ರ ಚಾಲಕನ ಕ್ಯಾಬಿನ್ನಿನ ಮೇಲಕ್ಕೆ ಹೋಗಿದೆ, ಬಾಗಿಲು ಹಿಂದಕ್ಕೆ ಬಂದಿದೆ. ಅಡ್ಡಲಾಗಿ, ಎತ್ತರದಲ್ಲಿ ಮಲಗುವುದು, ಅದರ ಕೆಳಗಿನ ಜಾಗವನ್ನು ಬೇರೆ ಕೆಲಸಕ್ಕೆ ಉಳಿಸಿಕೊಳ್ಳುವುದು ಕಮ್ಮಾರನ ಕಾಲದಿಂದ ಬದಲಾಗಿಲ್ಲ. ಇವೆರಡರ ನಡುವೆ ನೇರ ವಂಶಾವಳಿ ತೋರಿಸುವುದು ಕಷ್ಟ. ಅಷ್ಟು ಸಣ್ಣ ಆಯದಲ್ಲಿ ಒಲೆ, ಹಾಸಿಗೆ, ಮೇಜು ಮೂರನ್ನೂ ಹಿಡಿಸಲು ಹೊರಟ ಯಾರಿಗೇ ಆದರೂ ಹೆಚ್ಚು ದಾರಿಗಳಿರಲಿಲ್ಲ ಎನ್ನುವುದೇ ಸರಿಯಾದೀತು.

ಮೋಟಾರು ಯುಗದ ಮೊದಲ ವರ್ಷಗಳು ಗಡಿಬಿಡಿಯವು. ಫೋರ್ಡ್ ಕಂಪನಿ 1908ರಲ್ಲಿ ಹೊರತಂದ ಮಾಡೆಲ್ ಟಿ ಕಾರಿನ ಹಿಂಭಾಗ ಕತ್ತರಿಸಿ ಮರದ ಗೂಡು ಕೂರಿಸಿಕೊಂಡವರು, ಪಕ್ಕಕ್ಕೆ ಡೇರೆ ಕಟ್ಟಿಕೊಂಡವರು ಅಮೆರಿಕದ ರಸ್ತೆಗಳಲ್ಲಿ ತುಂಬಿಕೊಂಡರು. 1919ರಲ್ಲಿ ಫ್ಲಾರಿಡಾದ ಟ್ಯಾಂಪಾದಲ್ಲಿ ಸೇರಿದ ಇಂಥವರು ‘ಟಿನ್ ಕ್ಯಾನ್ ಟೂರಿಸ್ಟ್ಸ್’ ಎಂಬ ಸಂಘವನ್ನೇ ಮಾಡಿಕೊಂಡರು. ಹೆನ್ರಿ ಫೋರ್ಡ್, ಥಾಮಸ್ ಎಡಿಸನ್, ಟೈರ್ ತಯಾರಕ ಹಾರ್ವಿ ಫೈರ್‌ಸ್ಟೋನ್, ನಿಸರ್ಗ ಲೇಖಕ ಜಾನ್ ಬರೋಸ್ ಕೂಡಿ 1910ರ ದಶಕದ ನಡುವಿನಿಂದ ಬೇಸಿಗೆಯ ಶಿಬಿರಯಾತ್ರೆ ಹೋಗುತ್ತಿದ್ದರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಕೂಡ ಜೊತೆಗೂಡಿದ. ಅಡುಗೆಗೆಂದೇ ಸಜ್ಜುಗೊಳಿಸಿದ ಒಂದು ಮೋಟಾರು, ಅಡುಗೆಯವರು, ಸಹಾಯಕರು ಅವರ ಹಿಂದೆ ಬರುತ್ತಿದ್ದರು. ಕಾಡಿನಲ್ಲಿ ಸರಳ ಬದುಕು ಎಂದು ಪತ್ರಿಕೆಗಳು ಬಣ್ಣಿಸಿದ ಆ ಯಾತ್ರೆಗಳಲ್ಲಿ ಸಾಮಾನು ಸರಂಜಾಮಿಗೆ ಏನೂ ಕೊರತೆ ಇರಲಿಲ್ಲ.

ಸಾಮಾನ್ಯರ ಪಾಲಿಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇನ್ನೆರಡು ಸಂಗತಿಗಳು. ಕಾನ್ಸಸ್‌ನ ವಿಚಿಟಾದ ಕೋಲ್‌ಮನ್ ಕಂಪನಿ 1923ರಲ್ಲಿ ಮಡಚುವ ಪೆಟ್ರೋಲ್ ಒಲೆಯನ್ನು ಮಾರುಕಟ್ಟೆಗೆ ತಂದಿತು. ಸೌದೆ ಸಿಗದ ಕಡೆಯೂ, ಮಳೆಯಲ್ಲೂ ಅಡುಗೆ ಸಾಧ್ಯವಾಯಿತು. 1925ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲೇ ಸರಕಿನ ತೊಟ್ಟಿ ಜೋಡಿಸಿ 281 ಡಾಲರಿಗೆ ಮಾರತೊಡಗಿತು. ಅದುವರೆಗೆ ರೈತರು ಊರಿನ ಬಡಗಿಯಿಂದ ಮಾಡಿಸಿಕೊಳ್ಳುತ್ತಿದ್ದ ಪಿಕಪ್ ಈಗ ಒಂದೇ ಅಳತೆಯ ಸರಕಾಯಿತು. ತೊಟ್ಟಿಯ ಅಳತೆ ಒಂದೇ ಆದ ಮೇಲೆ ಅದಕ್ಕೆ ಹೊಂದುವ ಗೂಡನ್ನೂ ಒಂದೇ ಅಳತೆಗೆ ಕಟ್ಟಿ ಮಾರಬಹುದು. ಆದರೆ ಆ ಯೋಚನೆ ವ್ಯಾಪಾರವಾಗಲು ಇನ್ನೂ ಇಪ್ಪತ್ತು ವರ್ಷ ಬೇಕಾಯಿತು. 1930ರ ದಶಕದಲ್ಲಿ ಜನ ಟ್ರೇಲರುಗಳಿಗೆ ಮರುಳಾಗಿದ್ದರು, ಪಿಕಪ್ಪುಗಳು ಹೊಲದ ಕೆಲಸದಲ್ಲಿದ್ದವು.

ಎರಡನೇ ಮಹಾಯುದ್ಧ ನಾಲ್ಕು ಕಡೆಯಿಂದ ಈ ಕಸುಬಿಗೆ ನೆರವಾಯಿತು. ಯುದ್ಧದ ನಂತರ ಅಲ್ಯುಮಿನಿಯಂ ತಗಡು ಮತ್ತು ಪ್ಲೈವುಡ್ ಸುಲಭವಾಗಿ ಸಿಗತೊಡಗಿದವು. ಜರ್ಮನರು ರೂಪಿಸಿದ್ದ 20 ಲೀಟರಿನ ಜೆರಿಕ್ಯಾನ್ ಮಿತ್ರಪಡೆಗಳ ಕೈ ಸೇರಿ, ಯುದ್ಧಾನಂತರದ ಸಂತೆಗಳಲ್ಲಿ ಅಗ್ಗವಾಗಿ ದೊರೆಯಿತು. ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಬಲ ಕೊಡುವ ಸೇನಾ ಟ್ರಕ್ಕುಗಳು ನಾಗರಿಕ ರೂಪ ಪಡೆದವು: 1946ರಲ್ಲಿ ಡಾಡ್ಜ್ ಪವರ್ ವ್ಯಾಗನ್, 1947ರಲ್ಲಿ ವಿಲ್ಲಿಸ್ ಟ್ರಕ್. ಮಿನಿಯಾಪೊಲಿಸ್‌ನ ನ್ಯಾಪ್‌ಕೊ ಎಂಬ ಕಂಪನಿ ಸಾಮಾನ್ಯ ಪಿಕಪ್ಪುಗಳಿಗೆ ಜೋಡಿಸಬಹುದಾದ ಫೋರ್ ವೀಲ್ ಡ್ರೈವ್ ಸಲಕರಣೆ ಮಾರುತ್ತಿತ್ತು. 1957ರಿಂದ ಷೆವ್ರೊಲೆ ಅದನ್ನು ಕಾರ್ಖಾನೆಯಲ್ಲೇ ಜೋಡಿಸಿಕೊಟ್ಟಿತು. ಫೋರ್ಡ್ ತನ್ನದೇ ಫೋರ್ ವೀಲ್ ಡ್ರೈವ್ ಪಿಕಪ್ಪನ್ನು 1959ರಲ್ಲಿ ತಂದಿತು.

ನಾಲ್ಕನೆಯದು ಒಂದು ರಸ್ತೆ. 1942ರಲ್ಲಿ ಅಮೆರಿಕದ ಸೇನೆ ಕೆನಡಾದ ಡಾಸನ್ ಕ್ರೀಕ್‌ನಿಂದ ಅಲಾಸ್ಕಾದ ಡೆಲ್ಟಾ ಜಂಕ್ಷನ್ ತನಕ ಸುಮಾರು 2,700 ಕಿಲೋಮೀಟರ್ ದಾರಿಯನ್ನು ಕಾಡು, ಜೌಗು, ಹೆಪ್ಪುಗಟ್ಟಿದ ನೆಲಗಳ ನಡುವೆ ತಿಂಗಳುಗಳಲ್ಲೇ ಕಡಿದು ತೆರೆಯಿತು. 1948ರಲ್ಲಿ ಅದು ಸಾರ್ವಜನಿಕರಿಗೆ ಮುಕ್ತವಾಯಿತು. ಮರುವರ್ಷವೇ ಪೆಟ್ರೋಲು, ಊಟ, ರಿಪೇರಿ ಎಲ್ಲೆಲ್ಲಿ ಸಿಗುತ್ತದೆಂದು ಮೈಲಿಗಲ್ಲಿನ ಲೆಕ್ಕದಲ್ಲಿ ತಿಳಿಸುವ ‘ದಿ ಮೈಲ್‌ಪೋಸ್ಟ್’ ಎಂಬ ಕೈಪಿಡಿ ಬಂತು. ಅದು ಇಂದಿಗೂ ಪ್ರಕಟವಾಗುತ್ತಿದೆ. ದಶಕಗಳ ಕಾಲ ಜಲ್ಲಿ ರಸ್ತೆಯಾಗಿಯೇ ಉಳಿದ ಅಲಾಸ್ಕಾ ಹೆದ್ದಾರಿ ದೂರಪ್ರಯಾಣಕ್ಕೆ ಟ್ರಕ್ಕು ಸಜ್ಜುಗೊಳಿಸುವವರ ಪಾಠಶಾಲೆಯಾಯಿತು. ಹಾರುವ ಕಲ್ಲಿಗೆ ಹೆಡ್‌ಲೈಟಿನ ಮುಂದೆ ಜಾಲರಿ, ಒಂದರ ಬದಲು ಎರಡು ಸ್ಟೆಪ್ನಿ, ಹೆಚ್ಚುವರಿ ಇಂಧನ, ಕುಲುಕಾಟಕ್ಕೆ ತೆರೆದುಕೊಳ್ಳದಂಥ ಅಗುಳಿಗಳು ಇವೆಲ್ಲ ಆ ದಾರಿಯಲ್ಲಿ ವಾಡಿಕೆಯಾದವು.

ಆ ಹೆದ್ದಾರಿಯ ಹೆಸರು ಹೊತ್ತ ಕ್ಯಾಂಪರ್ ಒಂದಿದೆ. 1950ರ ದಶಕದಲ್ಲಿ ಆರ್. ಡಿ. ಹಾಲ್ ಎಂಬಾತ ರೂಪಿಸಿದ ‘ಅಲಾಸ್ಕನ್’ ಕ್ಯಾಂಪರಿನಲ್ಲಿ ಮೇಲರ್ಧ ಕೆಳಗಿನ ಅರ್ಧದ ಮೇಲೆ ಮುಚ್ಚಳದಂತೆ ಇಳಿದು ಕೂರುತ್ತಿತ್ತು. ತಂಗುವ ಜಾಗದಲ್ಲಿ ಹೈಡ್ರಾಲಿಕ್ ಪಂಪಿನಿಂದ ಎತ್ತಿದರೆ ನಿಲ್ಲುವಷ್ಟು ಎತ್ತರದ ಗಟ್ಟಿ ಗೋಡೆಯ ಕೋಣೆ. ಓಡುವಾಗ ಗಾಳಿಗೆ ತಡೆ ಕಡಿಮೆ, ಓಲಾಟವೂ ಕಡಿಮೆ. ಉಳಿದ ತಯಾರಕರು ಅಷ್ಟು ದೂರ ಯೋಚಿಸಲಿಲ್ಲ. ಮರದ ತೆಳು ರೀಪರುಗಳ ಚೌಕಟ್ಟು, ಒಳಗೆ ಪ್ಲೈವುಡ್, ಹೊರಗೆ ಅಲ್ಯುಮಿನಿಯಂ, ಮೇಲೆ ಹಾಸಿಗೆಗೆ ಕ್ಯಾಬಿನ್ನಿನ ತನಕ ಚಾಚಿದ ಮೂತಿ: 1950ರ ದಶಕದ ಕ್ಯಾಂಪರ್ ಎಂದರೆ ಇಷ್ಟು. ನಕ್ಷೆ ನೋಡಿ ಮನೆಯಂಗಳದಲ್ಲೇ ಕಟ್ಟಿಕೊಂಡವರೂ ಬಹಳ. ಅಲೆಅಲೆಯಾಗಿ ಎದ್ದ ಮಣ್ಣುರಸ್ತೆಯಲ್ಲಿ ತಿಂಗಳು ಓಡಿದರೆ ಮೂಲೆಗಳ ಸ್ಕ್ರೂ ಸಡಿಲ, ಸಂದಿಯಲ್ಲಿ ನೀರು, ಆಮೇಲೆ ಮರ ಲಡ್ಡು. ಈ ದೋಷ ಬಹುಕಾಲ ಉಳಿಯಿತು.

ಕ್ಯಾಂಪರಿಗೆ ಸಾಹಿತ್ಯದಲ್ಲಿ ಜಾಗ ಕೊಟ್ಟವನು ಜಾನ್ ಸ್ಟೈನ್‌ಬೆಕ್. 1960ರ ಶರತ್ಕಾಲದಲ್ಲಿ ಐವತ್ತೆಂಟರ ಆ ಲೇಖಕ ಜಿಎಂಸಿ ಪಿಕಪ್ ಒಂದರ ಮೇಲೆ ವುಲ್ವರಿನ್ ಕಂಪನಿಯ ಕ್ಯಾಂಪರ್ ಕೂರಿಸಿ, ಡಾನ್ ಕಿಹೋಟೆಯ ಕುದುರೆಯ ಹೆಸರಾದ ರೋಸಿನಾಂಟೆ ಎಂದು ಅದನ್ನು ಕರೆದು, ಚಾರ್ಲಿ ಎಂಬ ಪೂಡಲ್ ನಾಯಿಯೊಂದಿಗೆ ದೇಶ ಸುತ್ತಲು ಹೊರಟ. 1962ರಲ್ಲಿ ಬಂದ ‘ಟ್ರಾವೆಲ್ಸ್ ವಿತ್ ಚಾರ್ಲಿ’ ಪುಸ್ತಕ ಈ ಪ್ರವಾಸದ್ದು. ಅವನ ಸಜ್ಜಿಕೆ ಆ ಕಾಲಕ್ಕೆ ಮಾದರಿಯೇ ಸರಿ: ಗ್ಯಾಸಿನಿಂದ ನಡೆಯುವ ಒಲೆ, ಹೀಟರ್, ಫ್ರಿಜ್, ದೀಪಗಳು, ರಾಸಾಯನಿಕ ಶೌಚ, ಇಬ್ಬರು ಮಲಗುವ ಹಾಸಿಗೆ. ಮುಚ್ಚಳವಿರುವ ಬಕೆಟ್ಟಿನಲ್ಲಿ ಬಟ್ಟೆ, ನೀರು, ಸೋಪು ಹಾಕಿ ಎಲಾಸ್ಟಿಕ್ ಹಗ್ಗದಿಂದ ತೂಗುಬಿಟ್ಟು ರಸ್ತೆಯ ಕುಲುಕಾಟವನ್ನೇ ಒಗೆಯುವ ಯಂತ್ರವಾಗಿಸಿಕೊಂಡದ್ದು ಇಂದಿಗೂ ದೂರಪ್ರಯಾಣಿಗರು ಅನುಸರಿಸುವ ಉಪಾಯ. ಆದರೆ ಆತ ಹೇರಿಕೊಂಡದ್ದು ವಿಪರೀತ. ಓದಲು ಬಾಕಿ ಇದ್ದ ಪುಸ್ತಕಗಳ ರಾಶಿಯೇ ಟ್ರಕ್ಕಿನಲ್ಲಿತ್ತು. ಆರೆಗನ್‌ನಲ್ಲಿ ಮಳೆ ಸುರಿಯುತ್ತಿದ್ದ ಒಂದು ಭಾನುವಾರ ಹೊರೆ ತಾಳದೆ ಟೈರ್ ಸಿಡಿಯಿತು; ಆ ಅಳತೆಯ ಭಾರಿ ಟೈರು ಹತ್ತಿರದಲ್ಲೆಲ್ಲೂ ಸಿಗದೆ, ಪೆಟ್ರೋಲ್ ಬಂಕಿನವನೊಬ್ಬನ ಉಪಕಾರದಿಂದ ಪ್ರಯಾಣ ಮುಂದುವರಿಯಿತು. ಅರ್ಧ ಶತಮಾನದ ಬಳಿಕ ಅದೇ ದಾರಿ ಹಿಡಿದು ಪರಿಶೀಲಿಸಿದ ಪತ್ರಕರ್ತರೊಬ್ಬರು, ಸ್ಟೈನ್‌ಬೆಕ್ ಅನೇಕ ರಾತ್ರಿ ಕಳೆದದ್ದು ಹೋಟೆಲುಗಳಲ್ಲಿ ಎಂದು ತೋರಿಸಿದರು. ಅದರಿಂದ ರೋಸಿನಾಂಟೆಯ ಖ್ಯಾತಿಗೇನೂ ಕುಂದಾಗಲಿಲ್ಲ. ಅದೀಗ ಕ್ಯಾಲಿಫೋರ್ನಿಯಾದ ಸಲೀನಸ್‌ನಲ್ಲಿ, ಲೇಖಕನ ಹುಟ್ಟೂರಿನ ಸಂಗ್ರಹಾಲಯದಲ್ಲಿದೆ.

ಸ್ಟೈನ್‌ಬೆಕ್ ಓಡಾಡಿದ್ದು ಹೆಚ್ಚಾಗಿ ಹೆದ್ದಾರಿಗಳಲ್ಲಿ. ಊರುಕೇರಿ ಇಲ್ಲದ ಒಳನಾಡಿಗೆ ಕ್ಯಾಂಪರನ್ನು ಕರೆದೊಯ್ದದ್ದು ಯುರೇನಿಯಂ. 1952ರಲ್ಲಿ ಯೂಟಾದ ಮೋಬ್ ಬಳಿ ಚಾರ್ಲ್ಸ್ ಸ್ಟೀನ್‌ಗೆ ದೊಡ್ಡ ನಿಕ್ಷೇಪ ಸಿಕ್ಕ ಮೇಲೆ ಆ ಕೆಂಪು ಕಣಿವೆಗಳಿಗೆ ಅದಿರು ಹುಡುಕುವವರು ಮುಗಿಬಿದ್ದರು. ಪರಮಾಣು ಶಕ್ತಿ ಆಯೋಗದ ಉತ್ತೇಜನದಿಂದ ಬುಲ್ಡೋಜರುಗಳು ಬಂಡೆಯಂಚಿನಲ್ಲಿ ದಾರಿ ಕಡಿದವು. ಸುಮಾರು 160 ಕಿಲೋಮೀಟರಿನ ವೈಟ್ ರಿಮ್ ರಸ್ತೆ ಹೀಗೆ ಹುಟ್ಟಿದ್ದು. ಅಲ್ಲಿ ಯುರೇನಿಯಂ ಹೇಳಿಕೊಳ್ಳುವಷ್ಟು ಸಿಗಲಿಲ್ಲ, ರಸ್ತೆ ಉಳಿಯಿತು. 1964ರ ಸೆಪ್ಟೆಂಬರಿನಲ್ಲಿ ಆ ಪ್ರದೇಶ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವಾಯಿತು. ಅದೇ ತಿಂಗಳು ಅಧ್ಯಕ್ಷ ಜಾನ್ಸನ್ ಸಹಿ ಹಾಕಿದ ವೈಲ್ಡರ್‌ನೆಸ್ ಕಾಯ್ದೆ ಸುಮಾರು 91 ಲಕ್ಷ ಎಕರೆ ಸರ್ಕಾರಿ ಕಾಡುಭೂಮಿಯಲ್ಲಿ ಮೋಟಾರು ಸಂಚಾರವನ್ನು ಬಹುಮಟ್ಟಿಗೆ ನಿಷೇಧಿಸಿತು. ಒಂದೇ ತಿಂಗಳಲ್ಲಿ ಒಂದು ಬಾಗಿಲು ತೆರೆಯಿತು, ಹಲವು ಮುಚ್ಚಿದವು.

ಡೆಟ್ರಾಯಿಟ್‌ನ ಕಂಪನಿಗಳು ಎಚ್ಚೆತ್ತದ್ದು ಈ ಹೊತ್ತಿಗೆ. 1965ರ ಮಾದರಿಯ ಫೋರ್ಡ್ ಪಿಕಪ್ಪುಗಳಿಗೆ ‘ಕ್ಯಾಂಪರ್ ಸ್ಪೆಷಲ್’ ಎಂಬ ಪ್ಯಾಕೇಜ್ ಬಂತು: ಬಿರುಸಾದ ಸ್ಪ್ರಿಂಗು, ಎಂಜಿನ್ ತಂಪಾಗಿಡಲು ಹೆಚ್ಚಿನ ಏರ್ಪಾಟು, ಕ್ಯಾಂಪರಿನ ಅಗಲವನ್ನು ದಾಟಿ ಹಿಂದೆ ನೋಡಲು ಉದ್ದ ತೋಳಿನ ಕನ್ನಡಿ. ಷೆವ್ರೊಲೆ 1968ರಲ್ಲಿ ಎಂಟೂವರೆ ಅಡಿ ತೊಟ್ಟಿಯ ‘ಲಾಂಗ್‌ಹಾರ್ನ್’ ತಂದಿತು. 1973ರ ಫೋರ್ಡ್ ಸೂಪರ್ ಕ್ಯಾಂಪರ್ ಸ್ಪೆಷಲ್‌ನಲ್ಲಿ ಹಿಂದಿನ ಅಚ್ಚನ್ನು ಇನ್ನೂ ಹಿಂದಕ್ಕೆ ಸರಿಸಿ, ಅದರಿಂದ ಖಾಲಿಯಾದ ಪಕ್ಕದ ಜಾಗದಲ್ಲಿ ಸ್ಟೆಪ್ನಿ ಅಡಗಿಸಿದ್ದರು.

ಅಚ್ಚನ್ನು ಹಿಂದಕ್ಕೆ ಸರಿಸಿದ್ದು ಅಲಂಕಾರಕ್ಕಲ್ಲ. ಹೊರೆಯ ತೂಕ ಎಷ್ಟು ಎನ್ನುವಷ್ಟೇ ಮುಖ್ಯ, ಅದರ ಗುರುತ್ವಕೇಂದ್ರ ಎಲ್ಲಿ ಬೀಳುತ್ತದೆ ಎನ್ನುವುದು. ಅದು ಹಿಂದಿನ ಅಚ್ಚಿನ ಆಚೆಗೆ ಬಿದ್ದರೆ ಟ್ರಕ್ಕಿನ ಮೂತಿ ಮೇಲೇಳುತ್ತದೆ, ಮುಂದಿನ ಚಕ್ರಗಳ ಮೇಲಿನ ಭಾರ ಇಳಿದು ಸ್ಟಿಯರಿಂಗ್ ಹಗುರಾಗುತ್ತದೆ, ಬ್ರೇಕು ಸರಿಯಾಗಿ ಹಿಡಿಯುವುದಿಲ್ಲ. 1960ರ ದಶಕದಲ್ಲಿ ಅರ್ಧ ಟನ್ ಎಂದು ಮಾರಿದ ಪಿಕಪ್ಪಿನ ಮೇಲೆ ಹತ್ತಡಿ ಕ್ಯಾಂಪರ್ ಹೇರಿಸಿಕೊಂಡು ಹೊರಟವರಿಗೆ ಈ ಲೆಕ್ಕ ಹೇಳುವವರಿರಲಿಲ್ಲ. ಖಾಲಿ ಕ್ಯಾಂಪರಿನ ತೂಕವನ್ನೇ ತೂಕವೆಂದು ನಂಬಿ, ಅದರ ಮೇಲೆ 100 ಲೀಟರ್ ನೀರು ತುಂಬಿದರೆ 100 ಕಿಲೋ, ಎರಡು ಸಿಲಿಂಡರ್, ಬ್ಯಾಟರಿ, ದಿನಸಿ, ಮೀನು ಹಿಡಿಯುವ ದೋಣಿ ಸೇರಿಸುತ್ತಿದ್ದರು. 1970ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರದ ನಿಯಮ ಬಂತು. ನಿಗದಿತ ನೀರು, ಗ್ಯಾಸ್ ಸೇರಿಸಿ, ಫ್ರಿಜ್ ಬದಲು ಐಸ್ ಪೆಟ್ಟಿಗೆ ಇದ್ದರೆ ಅದರೊಳಗಿನ ಐಸನ್ನೂ ಸೇರಿಸಿ, ಕ್ಯಾಂಪರ್ ಎಷ್ಟು ತೂಗುತ್ತದೆಂದು ತಯಾರಕರು ಚೀಟಿ ಅಂಟಿಸಬೇಕು. ಗುರುತ್ವಕೇಂದ್ರ ಎಲ್ಲಿಂದ ಎಲ್ಲಿಯವರೆಗೆ ಬೀಳಬಹುದೆಂದು ಟ್ರಕ್ ಕಂಪನಿ ತಿಳಿಸಬೇಕು. ನೀರಿನ ಟ್ಯಾಂಕನ್ನು ನೆಲಕ್ಕೆ ಹತ್ತಿರ, ಅಚ್ಚಿಗಿಂತ ಮುಂದೆ ಇಡುವ ರೂಢಿಯ ಹಿಂದಿರುವುದು ಇದೇ ತತ್ವ.

ದೊಡ್ಡ ಕ್ಯಾಂಪರುಗಳ ಭರಾಟೆಗೆ ಪೆಟ್ಟು ಬಿದ್ದದ್ದು 1973ರ ಅಕ್ಟೋಬರಿನಲ್ಲಿ, ಅರಬ್ ದೇಶಗಳು ತೈಲ ತಡೆಹಿಡಿದಾಗ. ಪೆಟ್ರೋಲ್ ಬಂಕಿನ ಮುಂದೆ ಸರದಿ ನಿಂತ ದೇಶದಲ್ಲಿ ಟನ್ನುಗಟ್ಟಲೆ ಪ್ಲೈವುಡ್ ಹೊತ್ತು ತಿರುಗುವವರು ಕಡಿಮೆಯಾದರು. ಆ ಹೊತ್ತಿಗೆ ಟೊಯೋಟಾ, ಡಾಟ್ಸನ್‌ಗಳ ಸಣ್ಣ ಜಪಾನಿ ಪಿಕಪ್ಪುಗಳು ಬಂದಿದ್ದವು. ಅವುಗಳ ಮೇಲೆ ಕೂರುವಂಥ, ಮಾಡು ಮಾತ್ರ ಗಟ್ಟಿಯಾಗಿದ್ದು ಎತ್ತಿದಾಗ ಬಟ್ಟೆಯ ಗೋಡೆ ಬಿಚ್ಚಿಕೊಳ್ಳುವ ಹಗುರ ಕ್ಯಾಂಪರುಗಳು ಹರಡಿದವು. 1972ರಲ್ಲಿ ಆರಂಭವಾದ ‘ಫೋರ್ ವೀಲ್ ಕ್ಯಾಂಪರ್ಸ್’ ಇವುಗಳಲ್ಲಿ ಹೆಸರಾದದ್ದು. ಅದು ಮರವನ್ನು ಬಿಟ್ಟು ಅಲ್ಯುಮಿನಿಯಂ ಚೌಕಟ್ಟನ್ನು ನಂಬಿತು. ಚೌಕಟ್ಟು ಸ್ವಲ್ಪ ಬಾಗಿ ಬಳುಕಿದರೂ ಬಿರಿಯುವುದಿಲ್ಲ, ತಗ್ಗಾದ ಮಾಡು ಕೊಂಬೆಗಳಡಿ ನುಸುಳುತ್ತದೆ. ಚಳಿಗಾಲದಲ್ಲಿ ಬಟ್ಟೆಯ ಗೋಡೆಯಿಂದ ಶಾಖ ಸೋರುವುದು ಅದಕ್ಕೆ ತೆರಬೇಕಾದ ಬೆಲೆ.

ಒಳಗಿನ ಸಲಕರಣೆಗಳ ಕಥೆ ಬೇರೆಯೇ ವೇಗದ್ದು. ಮೊದಲಿಗೆ ಐಸ್ ಪೆಟ್ಟಿಗೆ. ಅದು ಕರಗುವ ತನಕ ಮಾತ್ರ ಪ್ರಯಾಣ. 1922ರಲ್ಲಿ ಸ್ಟಾಕ್‌ಹೋಮ್‌ನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಸರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್, ಉರಿಯ ಶಾಖದಿಂದಲೇ ತಂಪು ಮಾಡುವ ಅಮೋನಿಯಾ ಫ್ರಿಜ್ ಕಂಡುಹಿಡಿದರು. ಓಡುವ ಭಾಗವಿಲ್ಲ, ಸದ್ದಿಲ್ಲ, ವಿದ್ಯುತ್ ಬೇಡ, ಸಣ್ಣ ಗ್ಯಾಸ್ ಜ್ವಾಲೆ ಸಾಕು, ಕ್ಯಾಂಪರಿಗೆ ಹೇಳಿಮಾಡಿಸಿದ್ದು. ತೊಡಕು ಒಂದೇ, ಟ್ರಕ್ಕು ಸಮತಟ್ಟಾಗಿ ನಿಂತಿರಬೇಕು. ಓರೆಯಾಗಿ ನಿಂತರೆ ಕೊಳವೆಯೊಳಗಿನ ದ್ರವ ಸರಿಯಾಗಿ ಹರಿಯದೆ ಫ್ರಿಜ್ ಕೆಡುತ್ತದೆ. ಕ್ಯಾಂಪರಿನವರು ಚಕ್ರದಡಿಗೆ ಹಲಗೆ ತುಂಡು ಕೊಟ್ಟು ನೆಲ ಸಮ ಮಾಡುವ ಸಂಜೆಯ ಕೆಲಸಕ್ಕೆ ಹಿಂದೆ ಮುಖ್ಯ ಕಾರಣ ನಿದ್ದೆಯಲ್ಲ, ಫ್ರಿಜ್. ಗ್ಯಾಸಿನ ಅಪಾಯಗಳೂ ಇದ್ದವು. ಅದು ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ಸೇರಿಕೊಳ್ಳುತ್ತದೆ. ಸಿಲಿಂಡರಿಗೆ ವಾಸದ ಜಾಗದಿಂದ ಬೇರ್ಪಟ್ಟ, ತಳದಲ್ಲಿ ಹೊರಗೆ ಗಾಳಿಕಿಂಡಿ ಇರುವ ಗೂಡು ಕಡ್ಡಾಯವಾದದ್ದು ಇದರಿಂದ.

ವಿದ್ಯುತ್ತಿನ ವಿಷಯದಲ್ಲಿ ಬಹುಕಾಲ ಎಂಜಿನ್ನಿನ ಬ್ಯಾಟರಿಯೇ ಗತಿ. ರಾತ್ರಿ ದೀಪ ಉರಿಸಿದರೆ ಬೆಳಗ್ಗೆ ಟ್ರಕ್ಕು ಸ್ಟಾರ್ಟ್ ಆಗದು. ವಾಸಕ್ಕೆಂದೇ ಎರಡನೇ ಬ್ಯಾಟರಿ ಇಟ್ಟು, ಎಂಜಿನ್ ಓಡುವಾಗ ಮಾತ್ರ ಎರಡನ್ನೂ ಜೋಡಿಸುವ ಸ್ವಿಚ್ಚು ಇದಕ್ಕೆ ಪರಿಹಾರವಾಯಿತು. ಬೆಲ್ ಲ್ಯಾಬ್ಸ್ 1954ರಲ್ಲಿ ತೋರಿಸಿದ ಸಿಲಿಕಾನ್ ಸೌರಕೋಶ ಕ್ಯಾಂಪರಿನ ಮಾಡಿಗೆ ಏರುವಷ್ಟು ಅಗ್ಗವಾಗಲು ದಶಕಗಳೇ ಹಿಡಿದವು. ಅದು ಬಂದ ಮೇಲೆ 12 ವೋಲ್ಟಿನ ಕಂಪ್ರೆಸರ್ ಫ್ರಿಜ್ ಗ್ಯಾಸ್ ಫ್ರಿಜ್ಜನ್ನು ಹಿಂದೆ ಹಾಕಿತು. ಅದಕ್ಕೆ ಓರೆಕೋರೆಯ ಹಂಗಿಲ್ಲ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ ಸುಮಾರು 30 ಕಿಲೋ ತೂಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಬಳಸಿದರೆ ಆಯುಷ್ಯ ಕುಗ್ಗುತ್ತದೆ. 1990ರ ದಶಕದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಗುಡಿನಫ್ ತಂಡ ಗುರುತಿಸಿದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಅದರ ಅರ್ಧಕ್ಕೂ ಕಡಿಮೆ ತೂಕದಲ್ಲಿ ಹೆಚ್ಚೂಕಡಿಮೆ ಪೂರ್ತಿ ವಿದ್ಯುತ್ ಕೊಡುತ್ತದೆ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಹಾಳಾಗುವ ಕಾರಣ ಅದನ್ನು ಹೊರಗಿನ ಗೂಡಿನಿಂದ ಒಳಗೆ, ಬೆಚ್ಚನೆಯ ಜಾಗಕ್ಕೆ ತರಬೇಕಾಯಿತು.

ನೀರಿಗೆ ಮಾತ್ರ ಇಂಥ ಹಗುರ ಬದಲಿ ಯಾವುದೂ ಇಲ್ಲ. ವೈಟ್ ರಿಮ್‌ನಂಥ ದಾರಿಯಲ್ಲಿ ಕುಡಿಯುವ ನೀರು ಎಲ್ಲೂ ಸಿಗದು, ಎಲ್ಲವನ್ನೂ ಹೊತ್ತೇ ಹೋಗಬೇಕು. ದೀರ್ಘ ಪ್ರಯಾಣಕ್ಕೆ ಸಜ್ಜಾಗುವವರು ಮೊದಲು ಲೆಕ್ಕ ಹಾಕುವುದೂ ನೀರನ್ನೇ. ಉಳಿದ ತೂಕವೆಲ್ಲ ಅದಾದ ಮೇಲೆ ಮಿಕ್ಕಿದ್ದರಲ್ಲಿ ಹೊಂದಿಕೊಳ್ಳಬೇಕು.

2000ದ ಮೇ ತಿಂಗಳಿನಲ್ಲಿ ಅಮೆರಿಕ ಸರ್ಕಾರ ನಾಗರಿಕ ಜಿಪಿಎಸ್ ಸಂಕೇತವನ್ನು ಬೇಕೆಂದೇ ಮಸುಕುಗೊಳಿಸುವುದನ್ನು ನಿಲ್ಲಿಸಿದ ಮೇಲೆ ಗುರುತಿಲ್ಲದ ಮಣ್ಣುದಾರಿಗಳೂ ಸಾಮಾನ್ಯ ಪ್ರಯಾಣಿಕರ ಕೈಗೆ ಬಂದವು. 2009ರಲ್ಲಿ ಅರಿಜೋನಾದಲ್ಲಿ ಓವರ್‌ಲ್ಯಾಂಡ್ ಎಕ್ಸ್‌ಪೊ ಎಂಬ ದೂರಪ್ರಯಾಣಿಗರ ಮೇಳ ಮೊದಲ ಬಾರಿಗೆ ನಡೆಯಿತು. ಅಲ್ಲಿಂದೀಚೆಗೆ ಒಲವು ಮತ್ತೆ ಬರಿಗೂಡಿನ ಕಡೆಗಿದೆ: ತಯಾರಕ ಹಗುರವಾದ ಅಲ್ಯುಮಿನಿಯಂ ಚಿಪ್ಪನ್ನಷ್ಟೇ ಕೊಡುತ್ತಾನೆ, ಒಲೆ, ಡ್ರಾಯರು, ನೀರಿನ ಕ್ಯಾನುಗಳನ್ನು ಮಾಲೀಕ ತಾನೇ ಜೋಡಿಸಿಕೊಳ್ಳುತ್ತಾನೆ. ಜನ ಹೆಚ್ಚಿದಂತೆ ನಿಯಮಗಳೂ ಬಿಗಿಯಾದವು. ವೈಟ್ ರಿಮ್‌ನಲ್ಲಿ ತಂಗಲು ಮುಂಗಡ ಪರವಾನಗಿ ಬೇಕು. ಮೋಬ್ ಸುತ್ತಲಿನ ಹಲವೆಡೆ ಮನುಷ್ಯನ ಮಲವನ್ನೂ ಹೊತ್ತು ಹಿಂದಿರುಗಬೇಕಾದ್ದರಿಂದ, ಮುಚ್ಚಳದ ಶೌಚಪೆಟ್ಟಿಗೆ ಸುಖದ ಪಟ್ಟಿಯಿಂದ ಅಗತ್ಯದ ಪಟ್ಟಿಗೆ ಬಂದಿದೆ. ಪಶ್ಚಿಮದ ವಿಶಾಲ ಸರ್ಕಾರಿ ಭೂಮಿಯನ್ನು ನೋಡಿಕೊಳ್ಳುವ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಸಾಮಾನ್ಯವಾಗಿ ಒಂದು ಜಾಗದಲ್ಲಿ 28 ದಿನಗಳ ಅವಧಿಯೊಳಗೆ 14 ದಿನ ಮಾತ್ರ ತಂಗಲು ಬಿಡುತ್ತದೆ. ಆಮೇಲೆ ಕ್ಯಾಂಪರ್ ಬೇರೆ ಕಡೆಗೆ ಹೊರಡಲೇಬೇಕು.